ಹೊಗೆ ತಿನ್ನುವ ಕಾರು

ನಮ್ಮ ಮನೆಯಲ್ಲಿ ಎಂಜಲಿನ ವಿಚಾರಕ್ಕೆ ನಡೆದಷ್ಟು ಜಗಳ ಆಸ್ತಿಗೂ ನಡೆದಿಲ್ಲ ಮಕ್ಕಳೇ. ಲೋಟ ತುಟಿಗೆ ತಾಗಿತೋ ಇಲ್ಲವೋ ಎಂಬುದನ್ನು ನನ್ನ ಅತ್ತೆ, ಅಂದರೆ ನಿಮ್ಮ ಮುತ್ತಜ್ಜಿ, ಹಜಾರದ ಆ ತುದಿಯಿಂದಲೇ ಕಂಡುಹಿಡಿಯುತ್ತಿದ್ದರು. ಅಂಥವರೆದುರು ಆಡಬಾರದ ಮಾತನ್ನು ನಿಮ್ಮ ತಾತ, ನಿಮ್ಮ ಅಪ್ಪನ ನಿಶ್ಚಿತಾರ್ಥದ ದಿನವೇ ಆಡಿಬಿಟ್ಟರು.

ನಿಮ್ಮ ಅಮ್ಮನ ತವರು ಕೆಂಗೇರಿ. ವಿಜಯನಗರದಿಂದ ಅಲ್ಲಿಗೆ ಹೋಗಲು ತಾತ ಸ್ನೇಹಿತರೊಬ್ಬರ ಪರದೇಶದ ಕಾರನ್ನು ಕೇಳಿ ತಂದಿದ್ದರು. ಓಡುವಾಗ ಕುದುರೆ, ನಿಂತರೆ ಚಳಿಜ್ವರ ಬಂದವರಂತೆ ನಡುಗಿ ಆರಿಹೋಗುವುದು. ನಾಯಂಡಹಳ್ಳಿಯ ಮೆಕ್ಯಾನಿಕ್ ನೋಡಿ, ರಿಪೇರಿಗೆ ಪರದೇಶದಿಂದಲೇ ಸಾಮಾನು ಬರಬೇಕು, ಅಲ್ಲಿಯವರೆಗೆ ನಿಂತಾಗಲೂ ಆಕ್ಸಿಲರೇಟರ್ ಒತ್ತಿಕೊಂಡೇ ಇರಿ ಎಂದಿದ್ದನಂತೆ. ತಾತ ಹಾಗೇ ಒತ್ತಿಕೊಂಡು ಗೇಟಿನ ಮುಂದೆ ಕೂತಿದ್ದರು. ಅತ್ತೆ ಕಾರಿನೊಳಗೆ ಒಂದು ಕಾಲಿಟ್ಟು, "ಯಾಕೋ ಹಿಂಗೆ ನಡುಗ್ತದೆ?" ಎಂದರು.

"ಏನಿಲ್ಲಮ್ಮ. ಎಂಜಿನ್ನು ತಾನು ಬಿಟ್ಟ ಹೊಗೇಲಿ ಒಂಚೂರು ತಾನೇ ವಾಪಸ್ ಎಳ್ಕೊಳ್ತದೆ. ಒಳಗಿನ ಉರಿ ಹದವಾಗಿರ್ಲಿ, ಊರಿಗೆ ಬಿಡೋ ಹೊಗೇಲಿ ವಿಷ ಕಮ್ಮಿಯಾಗ್ಲಿ ಅಂತ. ಈಗ ಆ ಹೊಗೆ ಒಳಗೆ ಹೋಗೋ ಬಾಗಿಲಿಗೆ ಮಸಿ ಕಟ್ಟಿ ಮುಚ್ಕೊಳ್ತಾ ಇಲ್ಲ. ಹೊಗೆ ಜಾಸ್ತಿ ಒಳಗೆ ಹೋಗಿ ನಡುಗ್ತಿದೆ, ಅಷ್ಟೆ."

ಅತ್ತೆ ಕಾಲನ್ನು ಹಿಂದಕ್ಕೆಳೆದುಕೊಂಡರು. "ಬಿಟ್ಟಿದ್ದನ್ನ ತಾನೇ ತಿನ್ನುತ್ತಾ? ಎಂಜಲು ತಿನ್ನೋ ಗಾಡೀಲಿ ತಾಂಬೂಲ ತಗೊಂಡು ಹೋಗ್ತೀಯೇನೋ? ನಾನು ಬರಲ್ಲ."

"ಅಮ್ಮ, ಇನ್ನೇನು ರಾಹುಕಾಲ ಬಂತು!"

"ಇದಕ್ಕಿಂತ ರಾಹು ವಾಸಿ."

ಮನೆಗೆ ಹಿರಿಯರು ಅವರೊಬ್ಬರೇ. ಅವರಿಲ್ಲದೆ ಹೋದರೆ ಬೀಗರು ಏನೆಂದುಕೊಂಡಾರು? ಹಿಂದಿನ ಸೀಟಿನಲ್ಲಿ ನಿಮ್ಮ ಅಪ್ಪನ ಮುಖ ಬಾಡಿತು. ಅದನ್ನು ನೋಡಲಾಗದೆ, ಅತ್ತೆಯ ಹಿಂದೆ ಗೇಟಿನಲ್ಲಿ ನಿಂತಿದ್ದ ನಾನು ಬಾಯಿ ಬಿಟ್ಟೆ. ಹಳ್ಳಿಯ ಶಾಲೆಯಲ್ಲಿ ಪದ್ಯ ಒಪ್ಪಿಸುವಾಗ ಕಾಲ ಹೆಬ್ಬೆರಳನ್ನೇ ನೋಡುತ್ತಿದ್ದವಳು. ಅಂದೂ ಹಾಗೇ ತಲೆ ತಗ್ಗಿಸಿಯೇ ಶುರುಮಾಡಿದೆ.

"ಅತ್ತೆ, ನೆನ್ನೆ ಮೊಸರನ್ನೇ ಇವತ್ತಿನ ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಅದು ಎಂಜಲಾ? ಇದೂ ಹಂಗೇ. ಒಂಚೂರಾದ್ರೆ ಹದ, ಜಾಸ್ತಿಯಾದ್ರೆ ಹುಳಿ. ಈ ಕಾರಿಗೆ ಹೆಪ್ಪು ಜಾಸ್ತಿಯಾಗಿದೆ."

ಅತ್ತೆ ಯೋಚಿಸಿದರು. "ಹಂಗಂತ ಮೊದಲೇ ಬೊಗಳೋಕೆ ಇವನಿಗೇನಾಗಿತ್ತು?"

ನನಗೋ ಮೈಮೇಲೆ ಸರಸ್ವತಿಯೇ ಬಂದಂತಾಗಿತ್ತು. ಚಳಿಗಾಲದ ಹೆಪ್ಪು, ಬೇಸಿಗೆಯ ಹೆಪ್ಪು, ಎಮ್ಮೆಯ ಹಾಲು, ಡೈರಿ ಹಾಲು ಎಲ್ಲವನ್ನೂ ಹೆಬ್ಬೆರಳಿಗೆ ವಿವರಿಸಿದೆ. ನಡುವೆ ಕಾರಿನ ಬಾಗಿಲು ಧಡ್ ಎಂದದ್ದು ಕೇಳಿಸಿತು. ತಲೆಯೆತ್ತಿದರೆ ರಸ್ತೆ ಖಾಲಿ. ಎಂಜಿನ್ ಆರಿಹೋದೀತೆಂಬ ಭಯದಲ್ಲಿ ತಾತ, ಅತ್ತೆ ಹತ್ತಿ ಬಾಗಿಲು ಹಾಕಿಕೊಂಡ ಸದ್ದಿಗೇ ಹೊರಟುಬಿಟ್ಟಿದ್ದರು. ಗೇಟಿನಲ್ಲಿ ನಾನು, ಕೈಯಲ್ಲಿ ತಾಂಬೂಲದ ತಟ್ಟೆ.

ಬಸ್ಸು ಹತ್ತಿದೆ. ಕಂಡಕ್ಟರ್ ತಟ್ಟೆಯನ್ನು ನೋಡಿ, "ಏನಮ್ಮ, ಒಬ್ರೇ ಹೆಣ್ಣು ಕೇಳೋಕೆ ಹೊರಟ್ರಾ?" ಎಂದ. ನಾನು ಕೆಂಗೇರಿ ಮುಟ್ಟಿದಾಗ ರಾಹುಕಾಲ ಶುರುವಾಗಿತ್ತು. ಅದು ಮುಗಿಯುವವರೆಗೆ ಎಲ್ಲರೂ ಕಾದು, ಆಮೇಲೆ ತಾಂಬೂಲ ಬದಲಾಯಿಸಿಕೊಂಡರು. ದಾರಿಯುದ್ದಕ್ಕೂ ಕಾರಿನಲ್ಲಿ ಯಾರೂ ನನ್ನನ್ನು ನೆನೆಯಲಿಲ್ಲವೆಂದು ನಿಮ್ಮ ಅಪ್ಪ ಆಮೇಲೆ ಹೇಳಿದ. ಬೀಗರ ಮನೆಯಲ್ಲಿ ತಟ್ಟೆ ಎಲ್ಲಿ ಎಂದು ಹುಡುಕಿದ ಮೇಲಷ್ಟೇ ನಾನೂ ಬಂದಿಲ್ಲವೆಂದು ಅವರಿಗೆ ಹೊಳೆಯಿತಂತೆ.