ರೆಪ್ಪೆಗೂದಲಿನ ಹಟ

ರಗಳೆ ಶುರುವಾದದ್ದು ಒಂದು ಕುರ್ಚಿಯಿಂದ. ಪ್ರಯೋಗಾಲಯಕ್ಕೆ ಹೊಸ ಸೂಕ್ಷ್ಮದರ್ಶಕ ಬಂದಿತ್ತು. ಮೀನುಮರಿಯ ಮಿದುಳಿನ ಒಳ್ಳೆಯ ಚಿತ್ರವನ್ನು ಸಂಜೆ ಐದರೊಳಗೆ ಯಾರು ತೆಗೆದು ತೋರಿಸುತ್ತಾರೋ ಅವರಿಗೇ ವರ್ಷವಿಡೀ ಅದರ ಮುಂದಿನ ಕುರ್ಚಿ ಎಂದು ದೊಡ್ಡ ಮೇಡಂ ಬೆಳಿಗ್ಗೆಯೇ ಸಾರಿಬಿಟ್ಟಿದ್ದರು.

ಮೂರು ವರ್ಷ ಮೀನಿನ ತೊಟ್ಟಿ ತೊಳೆದು, ಮೊಟ್ಟೆ ಎಣಿಸಿ ರೋಸಿಹೋಗಿದ್ದ ರೆಪ್ಪೆಯಕ್ಕ ತೋಳೇರಿಸಿದಳು. ಕಡ್ಡಿಯ ತುದಿಗೆ ತನ್ನದೇ ಕಣ್ಣಿನ ರೆಪ್ಪೆಗೂದಲು ಅಂಟಿಸಿ, ಅದರಿಂದಲೇ ಮರಿಗಳನ್ನು ಹೊರಳಿಸುತ್ತಿದ್ದುದರಿಂದ ಅವಳಿಗೆ ಆ ಹೆಸರು. ಎದುರಾಳಿ ಅಚ್ಚಣ್ಣ. ಮರಿಗಳನ್ನು ಕೂರಿಸಲು ಅವನು ಪ್ಲಾಸ್ಟಿಕ್ಕಿನ ಅಚ್ಚು ಮಾಡಿಸಿಕೊಂಡಿದ್ದ.

"ಈ ಕಾಲದಲ್ಲೂ ಕೂದಲಾ ಅಕ್ಕಾ? ನನ್ನ ಅಚ್ಚಿನ ಗುಂಡಿಯೊಳಗೆ ಬಿಟ್ರೆ ಮೀನು ತಾನೇ ಕೂತ್ಕೊಳ್ಳತ್ತೆ."

"ಕೂತಾಗ ಕರಿ. ಬಂದು ಚಪ್ಪಾಳೆ ಹೊಡೀತೀನಿ."

ಕೆಲಸವೇನೋ ಎಳ್ಳುಕಾಳಿನಷ್ಟು. ಎರಡು ದಿನದ ಮರಿಗೆ ಮಂಪರು ಬರಿಸಿ, ಅದನ್ನು ಗಾಜಿನ ತಟ್ಟೆಯಲ್ಲಿಟ್ಟ ಉಗುರುಬೆಚ್ಚಗಿನ ಅಂಟಿನ ಹನಿಯೊಳಗೆ ಬಿಟ್ಟು, ಬೆನ್ನು ಮೇಲಾಗಿ ನಿಲ್ಲಿಸಬೇಕು. ಅಂಟು ಹೆಪ್ಪುಗಟ್ಟುವುದಕ್ಕೆ ಒಂದೇ ನಿಮಿಷ. ಮರಿಯೋ, ಊಟ ಮುಗಿಸಿದ ಗುಮಾಸ್ತನ ಹಾಗೆ ಪಕ್ಕಕ್ಕೇ ವಾಲುತ್ತದೆ.

ಮೊದಲ ಮರಿ ವಾಲಿತು. ಎರಡನೆಯದು ಇನ್ನೇನು ನಿಂತಿತು ಎನ್ನುವಾಗ ಉಗ್ರಾಣ ನೋಡಿಕೊಳ್ಳುವ ದೊಡ್ಡಪ್ಪ ಅವಳ ಹೆಗಲ ಮೇಲಿಂದ ಬಗ್ಗಿದರು.

"ಸ್ವಲ್ಪ ಎಡಕ್ಕಮ್ಮಾ... ಎಡಕ್ಕೆ... ಆಕ್ಷೀ!"

ಕಡ್ಡಿಯಲ್ಲಿದ್ದ ಕೂದಲು ಎತ್ತ ಹಾರಿತೋ ದೇವರಿಗೇ ಗೊತ್ತು. ಮರಿ ಮಗುಚಿಕೊಂಡಲ್ಲೇ ಅಂಟು ಗಟ್ಟಿಯಾಯಿತು.

"ಇನ್ನು ಬಿಟ್ಬಿಡಮ್ಮಾ, ಅಚ್ಚೇ ಒಳ್ಳೇದು," ಎಂದರು ದೊಡ್ಡಪ್ಪ, ಮೂಗು ಒರೆಸಿಕೊಳ್ಳುತ್ತ.

"ಬಿಡೋಳಲ್ಲ ನಾನು! ಇನ್ನೂ ಎರಡು ಕಣ್ಣಿವೆ, ಕಣ್ಣು ತುಂಬ ರೆಪ್ಪೆ ಇದೆ!"

ಕನ್ನಡಿಯನ್ನೂ ನೋಡದೆ ಒಂದು ಕೂದಲು ಕಿತ್ತಳು. ಕಣ್ಣಲ್ಲಿ ನೀರು ದಳದಳ ಸುರಿಯಿತು. ಅಳುತ್ತಿದ್ದಾಳೆಂದು ದೊಡ್ಡಪ್ಪ ಸಮಾಧಾನ ಹೇಳಲು ಬಂದರೆ, ಅವರನ್ನು ಹೊರಗೆ ದಬ್ಬಿ ಬಾಗಿಲು ಹಾಕಿಕೊಂಡಳು.

ನಾಲ್ಕೂಕಾಲಿಗೆ ಹದಿನೇಳನೆಯ ಮರಿ ಸೆಟೆದು ನಿಂತಿತು. ರೆಪ್ಪೆಯಕ್ಕ ಉಸಿರು ಬಿಗಿಹಿಡಿದು ತಟ್ಟೆಯನ್ನು ಹೊಸ ಸೂಕ್ಷ್ಮದರ್ಶಕಕ್ಕೆ ಒಯ್ದಳು. ನೋಡಿದರೆ ಮಿದುಳಿಲ್ಲ, ಕಣ್ಣಿಲ್ಲ, ಬರೀ ಹೊಟ್ಟೆಯ ಹಳದಿ ಉಂಡೆ! ಹಳೆಯ ಸೂಕ್ಷ್ಮದರ್ಶಕ ಮೇಲಿನಿಂದ ನೋಡುತ್ತಿತ್ತು. ಈ ಮಹಾರಾಯ ಕೆಳಗಿನಿಂದ ಇಣುಕುತ್ತಾನೆಂದು ಅವಳಿಗೆ ಹೊಳೆದೇ ಇರಲಿಲ್ಲ.

"ಒಳ್ಳೇ ಹುಣ್ಣಿಮೆ ಚಂದ್ರ ಅಕ್ಕಾ," ಎಂದ ಅಚ್ಚಣ್ಣ. ಅವನ ನಗುವೂ ಪೇಲವವಾಗಿತ್ತು. ಗುಂಡಿಗಳನ್ನು ನಿನ್ನೆಯ ಮರಿಗಳ ಅಳತೆಗೆ ಮಾಡಿಸಿದ್ದ. ಒಂದೇ ರಾತ್ರಿಯಲ್ಲಿ ಮರಿಗಳು ಬೆಳೆದಿದ್ದವು, ಒಂದೂ ಒಳಗಿಳಿದಿರಲಿಲ್ಲ.

ರೆಪ್ಪೆಯಕ್ಕ ಬ್ಲೇಡು ಹಿಡಿದಳು. ಗಟ್ಟಿಯಾದ ಅಂಟನ್ನು ಮರಿಯ ಸುತ್ತ ಚೌಕವಾಗಿ ಕತ್ತರಿಸಿ ಎತ್ತಿದಳು, ಉಸಿರಾಡದೆ ತಿರುವಿ ಹಾಕಿದಳು, ಮೇಲೊಂದು ತೊಟ್ಟು ಅಂಟು ಬಿಟ್ಟು ಕೂರಿಸಿದಳು. ಐದಕ್ಕೆ ನಾಲ್ಕು ನಿಮಿಷವಿರುವಾಗ ಪರದೆಯ ಮೇಲೆ ಮಿದುಳು ಮೂಡಿತು, ಒಂದೊಂದು ಎಳೆಯನ್ನೂ ಎಣಿಸುವಷ್ಟು ಸ್ಪಷ್ಟ. ಅವಳಿಗೆ ಕುಣಿಯುವಷ್ಟು ಖುಷಿಯಾಯಿತು.

ದೊಡ್ಡ ಮೇಡಂ ಬಂದು ಪರದೆಯನ್ನು ಬಗ್ಗಿ ನೋಡಿದರು. "ಇದನ್ನ ಕೈಯಲ್ಲೇ ಕೂರ್ಸಿದ್ಯಾ? ತಿರುವಿ ಬೇರೆ ಹಾಕ್ದ್ಯಾ?"

"ಹೂಂ ಮೇಡಂ. ಕೈಯಲ್ಲೇ."

"ಇಂಥ ಕೈನ ಕುರ್ಚೀಲಿ ಕೂರ್ಸಿ ಹಾಳು ಮಾಡೋಕಾಗತ್ತಾ? ಕಂಪ್ಯೂಟರಿನ ಮೌಸ್ ಒತ್ತೋಕೆ ಯಾರಾದ್ರೂ ಸಿಕ್ತಾರೆ. ನಾಳೆಯಿಂದ ಇಡೀ ಲ್ಯಾಬಿನ ಮರಿಗಳನ್ನ ನೀನೇ ಕೂರ್ಸಮ್ಮ." ಮೇಡಂ ಸುತ್ತ ನೋಡಿದರು. ಕೆಲಸವಿಲ್ಲದೆ ನಿಂತಿದ್ದವನು ಅಚ್ಚಣ್ಣನೊಬ್ಬನೇ. "ನೀನು ಬಾಪ್ಪಾ, ಇಲ್ಲಿ ಕೂತ್ಕೋ."

"ಮೇಡಂ, ಗೆದ್ದೋಳು ನಾನು!"

"ಅದಕ್ಕೇ ಅಲ್ವಾ ನಿನಗೆ ಹೇಳಿದ್ದು?" ಎಂದು ಮೇಡಂ ಅವಳ ಬೆನ್ನು ತಟ್ಟಿ ಹೊರಟುಹೋದರು.

ಅಚ್ಚಣ್ಣ ಕುರ್ಚಿಯನ್ನು ತನ್ನ ಎತ್ತರಕ್ಕೆ ಇಳಿಸಿಕೊಂಡ. "ಅಕ್ಕಾ, ಮುಂದಿನದು ತರ್ತೀರಾ? ತಲೆ ಸ್ವಲ್ಪ ನೇರ ಇರ್ಲಿ."

"ಮೀನಿನ ತಲೆ ನೇರಾನೇ ಇರತ್ತೆ. ನಿನ್ನ ತಲೆ ನೋಡ್ಕೋ!" ಎಂದು ರೇಗಿ, ರೆಪ್ಪೆಯಕ್ಕ ಮತ್ತೆ ಅಂಟು ಬೆಚ್ಚಗೆ ಮಾಡಲು ಹೋದಳು.