ಸಿಂಡರ್ ಟೋಲಿವರ್ ಎಷ್ಟು ಸಲ ಸತ್ತ?

ತಪ್ಪೆಲ್ಲ ಆ ಸವೆದ ಗ್ರಾಮಫೋನ್ ತಟ್ಟೆಯದು. ಅದರಲ್ಲಿ ಸಿಂಡರ್ ಟೋಲಿವರ್ ಎಂಬಾತ ನುಡಿಸಿದ್ದ ಬ್ಲೂಸ್ ಪಿಯಾನೋ ಕೇಳಿ ಸಂಗೀತದ ಮೇಷ್ಟ್ರು ಓಥಾ ಗಿಲಿಯಂ ಫಿದಾ ಆಗಿಬಿಟ್ಟ. ಆ ಸಿಂಡರ್ ಇದೇ ಹೆಲೆನಾ ಊರಿನ ನದಿದಂಡೆಯಲ್ಲಿ ಒಂದು ಕಾಲಕ್ಕೆ ನುಡಿಸುತ್ತಿದ್ದನಂತೆ. ಆಮೇಲೆ ಏನಾದನೋ ಯಾರಿಗೂ ಗೊತ್ತಿಲ್ಲ. "ಹುಡುಕಿ ತಂದು ನಮ್ಮ ಶಾಲೇಲೇ ಅವನ ಕೈಲಿ ನುಡಿಸ್ತೀನಿ" ಎಂದು ಹೆಡ್ಮಾಸ್ಟರ್ ಕ್ರೆನ್‌ಷಾ ಮುಂದೆ ಎದೆ ತಟ್ಟಿಕೊಂಡ.

ಶನಿವಾರ ಬೆಳಿಗ್ಗೆ ಹೆಡ್ಮಾಸ್ಟರು ಕಡ್ಡಿ ಮುರಿದಂತೆ ಹೇಳಿದರು. "ಸಂಜೆ ಶಾಲಾ ಮಂಡಳಿಯವರು ಬರ್ತಾರೆ. ಆತ ಬಂದ್ರೆ ನಿನ್ನ ಸಂಗೀತದ ಕ್ಲಾಸು ಉಳೀತದೆ. ಇಲ್ಲಾಂದ್ರೆ ಸೋಮವಾರದಿಂದ ಮಕ್ಕಳಿಗೆ ಮರಗೆಲಸ ಕಲಿಸು."

ಓಥಾಗೆ ನೆಟ್ಟಗೆ ಒಂದು ಮೊಳೆ ಹೊಡೆಯಲೂ ಬರದು. ಕೋಟು ತೊಟ್ಟು, ಟೈ ಬಿಗಿದು ಬೀದಿಗಿಳಿದ.

ಕ್ಷೌರದಂಗಡಿಯ ಲೆಮ್ಯುಯೆಲ್ ಕತ್ತರಿ ನಿಲ್ಲಿಸಲೇ ಇಲ್ಲ. "ಸಿಂಡರಾ? ಪಾಪ, ಪ್ರವಾಹದಲ್ಲಿ ಕೊಚ್ಕೊಂಡ್ ಹೋದ. ಟೋಪಿ ಮಾತ್ರ ಸಿಕ್ತು."

ಕುರ್ಚಿಯಲ್ಲಿದ್ದವನು ಸೋಪಿನ ನೊರೆಯೊಳಗಿಂದಲೇ ನಿಟ್ಟುಸಿರಿಟ್ಟ. "ಒಳ್ಳೇ ಟೋಪಿ."

ಬಾಡಿಗೆ ಕೋಣೆಗಳ ಒಡತಿ ಮಿಸ್ ಅರ್ಜೂಲಾ ಬಾಗಿಲಲ್ಲೇ ಕಣ್ಣೊರೆಸಿಕೊಂಡರು. "ಅವನ ಮೇಲೆ ರೈಲು ಹರೀತು ಕಣಪ್ಪಾ. ಕಣ್ಣಾರೆ ಕಂಡೆ."

"ಪ್ರವಾಹದಲ್ಲಿ ಹೋದ ಅಂದ್ರಲ್ಲಮ್ಮಾ?"

"ಅದಾದ್ಮೇಲೆ ರೈಲು. ಅವನ ಟೈಮೇ ಸರಿ ಇರ್ಲಿಲ್ಲ."

ಮಧ್ಯಾಹ್ನದ ಹೊತ್ತಿಗೆ ಸಿಂಡರ್ ಸಿಡಿಲು ಬಡಿದು, ಹೇಸರಗತ್ತೆ ಒದ್ದು, ಹಂದಿಮೂಳೆ ಗಂಟಲಿಗೆ ಸಿಕ್ಕಿಕೊಂಡೂ ಸತ್ತಿದ್ದ. ಎದೆಗೆ ಗುಂಡು ಬಿದ್ದ ಮೇಲೂ ಎರಡು ಪುಟ ಡೈಲಾಗ್ ಹೊಡೆಯುವ ಸಿನಿಮಾ ವಿಲನ್ನಿಗೂ ಇಷ್ಟು ಸಾವು ಸಿಕ್ಕಿರಲಿಕ್ಕಿಲ್ಲ.

ಓಥಾ ಸುಸ್ತಾಗಿ ಮೀನು ಕರಿಯುವ ಗಾಡಿಯ ಮುಂದೆ ಕುಸಿದು ಕೂತ. ಸೆಕೆಗೆ ಕೋಟು ಕಳಚಿದ, ಟೈ ಕಿತ್ತು ಜೇಬಿಗೆ ತುರುಕಿದ. "ನನ್ನ ಕ್ಲಾಸು ಹೋಯ್ತಣ್ಣಾ" ಎಂದು ಮೀನಿನ ಮುದುಕನ ಮುಂದೆ ಎಲ್ಲ ತೋಡಿಕೊಂಡ. ಗ್ರಾಮಫೋನ್ ತಟ್ಟೆಯಲ್ಲಿದ್ದ ವಾದನವನ್ನು ಗಾಡಿಯ ಹಲಗೆ ಮೇಲೆ ಬೆರಳಲ್ಲಿ ಬಡಿದೂ ತೋರಿಸಿದ.

ಮುದುಕ ಮುಖ ಕಿವುಚಿದ. "ಥೂ, ಎಡಗೈ ಹಂಗಲ್ಲ ಮಗಾ. ಹಿಂಗೆ." ಎಣ್ಣೆ ಮೆತ್ತಿದ ಬೆರಳುಗಳು ಹಲಗೆ ಮೇಲೆ ಕುದುರೆಯಂತೆ ಓಡಿದವು.

ಓಥಾನ ಬಾಯಲ್ಲಿದ್ದ ಮೀನಿನ ತುಂಡು ಕೆಳಗೆ ಬಿತ್ತು. "ಸಿಂಡರಣ್ಣಾ! ನೀವು ಸತ್ತಿಲ್ವಾ?"

"ಟೈ ಕಟ್ಕೊಂಡೋನು ಹೆಸರು ಹಿಡ್ದು ಕೇಳಿದ್ರೆ ಈ ಬೀದೀಲಿ ಯಾರೂ ಬದುಕಿರಲ್ಲ ಕಣೋ. ಕೋರ್ಟಿನ ನೋಟೀಸಿನೋನು, ಕಂತಿನ ಸಾಲ ವಸೂಲಿಯೋನು, ಎಲ್ಲಾ ಟೈಯಲ್ಲೇ ತಾನೇ ಬರೋದು? ಲೆಮ್ಯುಯೆಲ್‌ನ ನಾನೇ ಎಷ್ಟು ಸಲ ಸಾಯ್ಸಿದೀನಿ!" ಮುದುಕ ಬಾಣಲೆ ಇಳಿಸಿದ. ದನಿ ಸ್ವಲ್ಪ ಮೆತ್ತಗಾಯಿತು. "ನನ್ನ ಎಡಗೈನ ಇಷ್ಟು ದಿನ ಆದ್ಮೇಲೂ ಒಬ್ಬ ಕೇಳಿಸ್ಕೊಂಡಿದ್ದಾನಲ್ಲ. ನಡಿ, ನುಡಿಸ್ತೀನಿ."

ಸಂಜೆ ಇಡೀ ಬೀದಿಯೇ ಶಾಲೆಯಲ್ಲಿತ್ತು. ಸಿಂಡರ್ ನುಡಿಸಿದ, ಕಿಟಕಿ ಗಾಜುಗಳೂ ತಾಳ ಹಾಕಿದವು. ಮಿಸ್ ಅರ್ಜೂಲಾ ಮಂಡಿನೋವು ಮರೆತು ಕುಣಿದರು. ಓಥಾ ವೇದಿಕೆಯ ಮೇಲೆ ಹೀರೋನಂತೆ ಕೈಯೆತ್ತಿದ. "ಇವರೇ ಸಿಂಡರ್ ಟೋಲಿವರ್!"

ಮೊದಲ ಸಾಲಿನಲ್ಲಿ ಶಾಲಾ ಮಂಡಳಿಯವರು ಎದ್ದು ನಿಂತರು. ಒಬ್ಬೊಬ್ಬರ ಕೊರಳಲ್ಲೂ ಟೈ. ಅಧ್ಯಕ್ಷರು ಜನರತ್ತ ತಿರುಗಿದರು. "ಹೌದೇನ್ರಪ್ಪಾ? ಈತ ಸಿಂಡರ್ ಟೋಲಿವರ್ರಾ?"

ಕುಣಿತ ನಿಂತುಹೋಯಿತು.

ಲೆಮ್ಯುಯೆಲ್ ತಲೆ ತಗ್ಗಿಸಿದ. "ಇಲ್ಲ ಸ್ವಾಮಿ. ಸಿಂಡರ್ ಪ್ರವಾಹದಲ್ಲಿ ಹೋದ."

"ಆಮೇಲೆ ರೈಲು" ಎಂದರು ಅರ್ಜೂಲಾ.

"ಹೌದೌದು, ಸತ್ತ" ಎಂದಿತು ಇಡೀ ಬೀದಿ, ಒಂದೇ ಸ್ವರದಲ್ಲಿ.

ಹೆಡ್ಮಾಸ್ಟರ ಕಣ್ಣು ಕೆಂಪಗಾಯಿತು. ಓಥಾ ಪಿಯಾನೋಗೇ ಜೋತುಬಿದ್ದ. "ಅಣ್ಣಾ, ನೀವಾದ್ರೂ ಹೇಳಿ!"

ಮುದುಕ ಮೊದಲ ಸಾಲಿನ ಟೈಗಳನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ. ನಿಧಾನವಾಗಿ ಕಣ್ಣೊರೆಸಿಕೊಂಡ.

"ಎಂಥಾ ಮನುಷ್ಯ ಸ್ವಾಮಿ ಆ ಸಿಂಡರ್! ಅವನ ಮಣ್ಣಿಗೆ ನಾನೇ ಹೋಗಿದ್ದೆ."