ಹುಣಸೆ ಬೀಜದ ಲಂಚ

ಕಚೇರಿಗೆ ಅಡ್ಡಾಡಿದವರಿಗೆ ಕಾಲುನೋವು ಹೆಂಗ ಬರುತ್ತದೋ ಹಂಗೇ ನಗೆಪಾಟಲಿನ ಪ್ರಸಂಗಗಳೂ ಬರುತ್ತಾವೆ, ಬ್ಯಾಡಂದರೂ ಬಿಡೋದಿಲ್ಲ. ನಮ್ಮ ಯಜಮಾನರು ತೀರಿದ ಮೇಲೆ ಕಾಲುವೆ ಬದಿಯ ಎರಡು ಎಕರೆಯ ಪಹಣಿಯಲ್ಲಿ ನನ್ನ ಹೆಸರು ಏರಬೇಕಿತ್ತು. ಏರದಿದ್ದರೆ ಮೈದುನ ಮಾರಿಕೊಳ್ಳುವವನು. ಸಿಂಧನೂರಿನಿಂದ ಗಿರಾಕಿಯನ್ನು ಕರಕೊಂಡು ಬಂದು ಬದುವಿನ ಮೇಲೆ ನಿಲ್ಲಿಸಿಯೂ ಆಗಿತ್ತು. ನನ್ನ ಅರ್ಜಿ ಮೇಲೆ ನಮ್ಮೂರ ಹೊಲಗಳ ಲೆಕ್ಕ ಬರೆಯುವ ತಲಾಠಿ ಎರಡು ಸಾಲು ಬರೆದರೆ ಮುಗೀತು. ಆ ಎರಡು ಸಾಲಿಗೆ ಮೂರು ವರ್ಷ ಹಿಡೀತು.

೧. ಮಾಮೂಲು

ತಲಾಠಿ ಮಸ್ಕಿಯಲ್ಲಿ ಒಂದು ಖೋಲಿ ಹಿಡಿದು ಕೂಡುತ್ತಿದ್ದ. ಮೊದಲ ಸಲ ಹೋದಾಗ ಅರ್ಜಿ ಇಸಕೊಂಡು, "ಹೆಂಗದೀಯವ್ವಾ?" ಅಂದ.

"ಮಾಮೂಲು ಐತ್ರಿ ಸಾಹೇಬ್ರ" ಅಂದೆ.

ನಮ್ಮ ಬಾಯಲ್ಲಿ ಮಾಮೂಲು ಅಂದರೆ ದಿನದಂಗೆ ಅಂತ. ಕಚೇರಿಯಲ್ಲಿ ಅದರ ಅರ್ಥ ಬೇರೆ ಅನ್ನೋದು ನನಗೇನು ಗೊತ್ತು? ಆತ ಎದ್ದು ಬಾಗಿಲು ಮುಂದೆ ಮಾಡಿ ಬಂದು, ಮೇಜಿನ ಕೆಳಗೆ ಕೈ ಚಾಚಿದ. ಪಾಪ, ಬರೆದು ಬರೆದು ಕೈ ಸೆಳೆಯುತ್ತಿರಬೇಕು ಅಂತ ನಾನು ಒಂದೊಂದೇ ಬೆರಳು ಹಿಡಿದು ನೆಟಿಗೆ ತೆಗೆದೆ. ಐದೂ ಲಟಲಟ ಅಂದವು.

"ಬ್ಯಾನಿ ಕಡಿಮಿ ಆತೇನ್ರಿ?"

"ನಂದು ಆತು. ನಿಂದು ಈಗ ಶುರುವಾಗತೈತಿ" ಅಂದ.

೨. ಶ್ರಾವಣದ ಕೋಳಿ

ಮಗ್ಗಲ ಮನೆಯಾಕಿ ಕಚೇರಿ ಮಾಮೂಲು ಅಂದರೇನು ಅಂತ ತಿಳಿಸಿ ಹೇಳಿದ ಮೇಲೆ ಒಂದು ಹ್ಯಾಟಿ ಕೋಳಿ ಬುಟ್ಟಿಯಲ್ಲಿ ಮುಚ್ಚಿಕೊಂಡು ಹೋದೆ. ಬುಟ್ಟಿಯೊಳಗಿಂದ ಕೊಕ್ ಅಂದದ್ದೇ ತಡ, ತಲಾಠಿ ಎರಡೂ ಕಿವಿ ಮುಟ್ಟಿಕೊಂಡ.

"ಶ್ರಾವಣ ನಡದೈತಿ ಯವ್ವಾ. ಪಾಪದ ಕೆಲಸ ನಾ ಮಾಡಂಗಿಲ್ಲ. ಶ್ರಾವಣ ಕಳೀಲಿ, ತಾ."

ಕೋಳಿಯನ್ನು ಮತ್ತೆ ಬಸ್ಸಿನಲ್ಲಿ ತೊಡೆ ಮೇಲಿಟ್ಟುಕೊಂಡು ಬಂದೆ. ಕಂಡಕ್ಟರ್ ಅದಕ್ಕೂ ಟಿಕೀಟು ಹರಿದ. ಶ್ರಾವಣ ಕಳೀತು. ತಲಾಠಿ ತಾನೇ ಊರಿಗೆ ಬಂದು ಅಂಗಳದಲ್ಲಿ ನಿಂತ.

"ಕೋಳಿ ಎಲ್ಲವ್ವಾ?"

"ಕಾವಿಗೆ ಕುಂತೈತ್ರಿ. ಎಬ್ಬಿಸಿದ್ರ ಪಾಪ ಬರತೈತಿ."

೩. ಸಾಹೇಬಳಾದದ್ದು

ಮೂರನೆಯ ವರ್ಷ ಧಾರವಾಡದ ಕಡೆಯ ಕಾಲೇಜು ಮಾಸ್ತರರೊಬ್ಬರು ಊರ ಕನ್ನಡ ಸಾಲಿಗೆ ಬಂದರು. ಲಂಚ ಯಾರು ಕೊಡುತ್ತಾರೆ, ಯಾರು ತಗೊಳ್ಳುತ್ತಾರೆ ಅನ್ನೋದನ್ನು ಆಟ ಆಡಿಸಿ ಬರಕೊಳ್ಳುತ್ತಾರಂತೆ. ನಮ್ಮನ್ನು ಕೇಳಿದ್ದರೆ ಕೂತಲ್ಲೇ ಹೇಳುತ್ತಿದ್ದೆವು.

ಚೀಟಿ ಎತ್ತಿ ಅರ್ಧ ಜನ ಸಾಹೇಬರು, ಅರ್ಧ ಜನ ರೈತರು. ರೈತನ ಕೈಗೆ ಒಂದು ಕಾಗದ, ಹತ್ತು ಹುಣಸೆ ಬೀಜ. ಕಾಗದಕ್ಕೆ ಸಾಹೇಬ ಹೆಬ್ಬೆಟ್ಟು ಒತ್ತಿದರೆ ರೈತನಿಗೆ ಸ್ಟೀಲಿನ ಡಬ್ಬಿ. ಮನಸ್ಸಿದ್ದರೆ ರೈತ ಸಾಹೇಬನ ಕಡೆ ಬೀಜ ಸರಿಸಬಹುದು. ಬೀಜಕ್ಕೊಂದು ಬೆಲ್ಲದ ಹೆಂಟೆ ಸಾಹೇಬನಿಗೆ.

ಅವತ್ತು ಊರಿಗೆ ಬಂದಿದ್ದ ತಲಾಠಿಯೂ ಡಬ್ಬಿ ಆಸೆಗೆ ಚೀಟಿ ಎತ್ತಿದ. ಅವನಿಗೆ ರೈತ ಬಂತು. ಅವನೆದುರು ಸಾಹೇಬಳು ನಾನು.

ಮೂರು ಬೀಜ ಸರಿಸಿ, ಹಲ್ಲು ಕಿಸಿದು, "ಸಾಹೇಬ್ರ, ನಮ್ಮ ಕಾಗದ ನೋಡ್ರಿ" ಅಂದ.

"ನನ್ನ ಅರ್ಜಿ ಎಲ್ಲೈತಿ?"

"ಯವ್ವಾ, ಇದು ಆಟ."

"ಮೂರು ವರ್ಷದಿಂದ ನನಗೂ ಹಂಗ ಅನಸೈತಿ."

ಜನ ನಕ್ಕರು. ಆತ ಹತ್ತೂ ಬೀಜ ಸರಿಸಿದ. ನಾನು ಹತ್ತನ್ನೂ ಹಿಂದಕ್ಕೆ ಸರಿಸಿದೆ. ಮಾಸ್ತರರು ಬಗ್ಗಿ ತಮ್ಮ ಪುಸ್ತಕದಲ್ಲಿ ಬರಕೊಂಡರು. ಅದನ್ನು ನೋಡಿ ತಲಾಠಿಯ ಮುಖ ಸಣ್ಣಗಾಯಿತು.

"ಸರ್, ಈ ಪುಸ್ತಕ ಲಿಂಗಸುಗೂರಿಗೆ, ದೊಡ್ಡ ಸಾಹೇಬ್ರ ಕಡೆ ಹೋಗತೈತೇನ್ರಿ?"

"ಎಲ್ಲಾ ಕಡೆ ಹೋಗ್ತದ್ರಿ" ಅಂದರು. ಪಾಪ, ಅವರಿಗೇನು ಗೊತ್ತು.

ತಲಾಠಿ ಚೀಲ ಬಿಚ್ಚಿದ. ನನ್ನ ಅರ್ಜಿ ತಳದಲ್ಲಿತ್ತು. ಎರಡು ಸಾಲು ಬರೆದು, ಸಹಿ ಹಾಕಿ, ನನ್ನ ಮುಂದಿಟ್ಟ. ಸಾಲಿ ಹೆಡ್ ಮಾಸ್ತರರಿಂದ ಎರಡು ಸಲ ಓದಿಸಿದೆ. ಆಮೇಲೆ ಅವನ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದೆ.

ಕಾಲೇಜು ಮಾಸ್ತರರು ಬೀಜ ಎಣಿಸಿದರು. ಹತ್ತೂ ತಲಾಠಿ ಕಡೆಯೇ ಇದ್ದವು. ಕನ್ನಡಕ ಒರೆಸಿಕೊಂಡು ಎದ್ದು ನಿಂತರು.

"ಇಡೀ ಊರಾಗ ಈ ಅಜ್ಜಿ ಒಬ್ಬಾಕಿ ಏನೂ ಮುಟ್ಟದಂಗ ಕೆಲಸ ಮಾಡಿಕೊಟ್ಟಾಳ. ಎಲ್ಲಾರೂ ಚಪ್ಪಾಳಿ ಹೊಡೀರಿ."

ಎಲ್ಲರೂ ಹೊಡೆದರು. ತಲಾಠಿಯೂ ಹೊಡೆದ. ನಾನು ಸೆರಗು ಬಾಯಿಗೆ ಹಿಡಕೊಂಡು ಕುಂತೆ. ಅರ್ಧ ತಾಸು ಸಾಹೇಬಳಾಗಿದ್ದೆ, ಅಷ್ಟರೊಳಗೆ ಎರಡು ಎಕರೆ ತಿಂದಿದ್ದೆ.